ಮನೆವಾರ್ತೆ: ಚೀಟಿಯಲ್ಲಿ ನಿಮ್ಮದೂ ಒಂದು ಸಾಲಿರಲಿ

"ಎಲ್ಲಾ ತಲೇಲೇ ಇದೆಯಲ್ಲ, ಅದನ್ನ ಬೇರೆ ಕೂತು ಬರೀಬೇಕಾ?"

ಚೀಟಿಯ ಮಾತು ತೆಗೆದರೆ ಸಾಕು, ನಮ್ಮಲ್ಲಿ ಬಹಳ ಜನ ಗೃಹಿಣಿಯರ ಉತ್ತರ ಇದೇ. ನಿಜ ಸೋದರಿಯರೇ, ಎಲ್ಲವೂ ತಲೆಯಲ್ಲೇ ಇರುತ್ತದೆ. ಬೇಳೆ ಡಬ್ಬ ತಳ ಕಂಡಿದೆ, ಸಿಲಿಂಡರ್ ಇನ್ನು ಹತ್ತು ದಿನ ಬಂದರೆ ಹೆಚ್ಚು, ಅತ್ತೆಯವರ ಬಿ.ಪಿ. ಮಾತ್ರೆ ಶುಕ್ರವಾರಕ್ಕೆ ಮುಗಿಯುತ್ತದೆ, ಮಗಳ ಯೂನಿಫಾರಂ ಹೊಲಿಯಲು ಕೊಡಬೇಕು, ನಾದಿನಿ ಮನೆಯ ಗೃಹಪ್ರವೇಶಕ್ಕೆ ಮುಯ್ಯಿ ಏನು ಹಾಕುವುದು... ಇಷ್ಟೂ ಒಂದೇ ತಲೆಯಲ್ಲಿ! ರಾತ್ರಿ ದೀಪ ಆರಿಸಿ ಮಲಗಿದ ಮೇಲೂ ಈ ಪಟ್ಟಿ ಮಾತ್ರ ಆರುವುದಿಲ್ಲ. ಆ ತಲೆಗೂ ಸ್ವಲ್ಪ ಬಿಡುವು ಬೇಡವೇ? ಅದಕ್ಕೇ ಈ ಸಲದ ಮನೆವಾರ್ತೆಯಲ್ಲಿ ಚೀಟಿ ಬರೆಯುವ ವಿಚಾರ.

ದೊಡ್ಡ ಊರಿನವರಿಗೆ ಸಾಸಿವೆ ಮರೆತರೆ ಬೀದಿ ಕೊನೆಯ ಅಂಗಡಿಗೆ ಹೋಗಿ ಬಂದರಾಯಿತು. ನಮ್ಮ ಕಡೆ ಹಾಗಲ್ಲ. ಹನೂರು 2018ರಲ್ಲಿ ಬೇರೆ ತಾಲ್ಲೂಕಾಯಿತು, ಸರಿ. ಆದರೂ ಮದುವೆ ಜವಳಿಗೋ, ಕನ್ನಡಕಕ್ಕೋ, ದೊಡ್ಡ ಡಾಕ್ಟರಿಗೋ ರಾಮಾಪುರ, ಲೊಕ್ಕನಹಳ್ಳಿ ಕಡೆಯವರು ಕೊಳ್ಳೇಗಾಲದ ಬಸ್ಸು ಹತ್ತುವುದು ತಪ್ಪಿಲ್ಲ. ಯಳಂದೂರಿನ ಹಳ್ಳಿಗಳವರೂ ಅಷ್ಟೇ. ಒಂದು ಸಾಮಾನು ಮರೆತರೆ ಮತ್ತೆ ಒಂದು ಹೊತ್ತು ಹಾಳು. 2023ರ ಜೂನ್ 11ರಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಕಾಸಿಲ್ಲ ಅನ್ನುತ್ತೀರಿ. ಒಪ್ಪಿದೆ. ಆದರೆ ಬಸ್‌ಸ್ಟ್ಯಾಂಡಿನಲ್ಲಿ ಕಾದ ಹೊತ್ತನ್ನು ಯಾರು ವಾಪಸು ಕೊಡುತ್ತಾರೆ? ನಿಮ್ಮ ಹೊತ್ತಿಗೂ ಬೆಲೆ ಇದೆ ಎಂದು ಮೊದಲು ನೀವೇ ಎಣಿಸಬೇಕು.

ಹಿಂದಿನವರು ಬರೆಯುತ್ತಿದ್ದರೇ?

ಬರೆಯದೆ ಏನು! ಅಕ್ಷರ ಬಾರದ ಅಜ್ಜಿಯರೂ ತಮ್ಮದೇ ರೀತಿಯಲ್ಲಿ ಬರೆದಿಡುತ್ತಿದ್ದರು. ಮರೆಯಬಾರದ ಕೆಲಸಕ್ಕೆ ಸೆರಗಿನ ತುದಿಗೆ ಒಂದು ಗಂಟು. ಹಾಲಿನವಳ ಲೆಕ್ಕಕ್ಕೆ ಬಾಗಿಲ ಪಕ್ಕದ ಗೋಡೆಯ ಮೇಲೆ ದಿನಕ್ಕೊಂದು ಗೀಟು. ತಿಂಗಳ ಕೊನೆಗೆ ಹಾಲಿನವಳೂ ಮನೆಯವಳೂ ಒಟ್ಟಿಗೆ ನಿಂತು ಗೀಟು ಎಣಿಸಿದರೆ ತಕರಾರೇ ಇಲ್ಲ. ಹಳೇ ಮೈಸೂರು ಸೀಮೆಯ ಅಂಗಡಿಯವರೂ ಶ್ಯಾನುಭೋಗರೂ ಲೆಕ್ಕ ಬರೆಯುತ್ತಿದ್ದುದು ಕಡತದಲ್ಲಿ. ಬಟ್ಟೆಗೆ ಹುಣಸೆ ಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿದ ಕರೀ ಪುಸ್ತಕ ಅದು. ಬಳಪದಲ್ಲಿ ಬರೆಯುವುದು, ಬೇಡವಾದಾಗ ಅಳಿಸಿ ಮತ್ತೆ ಮಸಿ ಹಚ್ಚುವುದು. ಗಂಟು, ಗೀಟು, ಕಡತ ಮೂರೂ ಹೇಳುವುದು ಒಂದೇ ಮಾತು: ಗುರುತು ಬಿದ್ದದ್ದು ಮಾತ್ರ ಲೆಕ್ಕಕ್ಕೆ ಬರುತ್ತದೆ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಸಾಮಾನಿನ ಚೀಟಿ

ತಿಂಗಳ ಸಾಮಾನಿನ ಚೀಟಿಯನ್ನು ಅಂಗಡಿಗೆ ಹೊರಡುವಾಗ ಚಪ್ಪಲಿ ಮೆಟ್ಟಿಕೊಂಡು ಬರೆಯಬೇಡಿ. ಅಡಿಗೆಮನೆಯ ಗೋಡೆಗೆ ಒಂದು ಹಳೇ ಕ್ಯಾಲೆಂಡರ್ ಹಾಳೆಯನ್ನು ಬೆನ್ನು ಮುಂದಾಗಿ ತೂಗುಹಾಕಿ, ದಾರದಲ್ಲಿ ಪೆನ್ಸಿಲ್ ಕಟ್ಟಿಬಿಡಿ. ಯಾವ ಡಬ್ಬ ಅರ್ಧಕ್ಕಿಳಿಯಿತೋ ಆ ಕ್ಷಣವೇ ಅದರ ಹೆಸರು ಹಾಳೆಗೆ ಹೋಗಲಿ. ಪೂರಾ ಮುಗಿದ ಮೇಲೆ ಬರೆದರೆ ಪಕ್ಕದ ಮನೆಗೆ ಲೋಟ ಹಿಡಿದು ಹೋಗುವ ಕೆಲಸ ಉಳಿಯುತ್ತದೆ.

ಎಷ್ಟು ಬೇಕೆಂದು ಗೊತ್ತಾಗುವುದು ಹೇಗೆ? ಸುಲಭ. ಹೊಸ ಪೊಟ್ಟಣ ಒಡೆದ ದಿನ ಡಬ್ಬದ ಮೇಲೆ ತಾರೀಖು ಬರೆದು ಚೀಟಿ ಅಂಟಿಸಿ. ಮುಗಿದ ದಿನ ಎಣಿಸಿ. ಒಂದು ಕೆ.ಜಿ. ತೊಗರಿಬೇಳೆ ಹನ್ನೆರಡು ದಿನ ಬಂತು ಅನ್ನಿ. ಆಗ ತಿಂಗಳಿಗೆ ಎರಡೂವರೆ ಕೆ.ಜಿ. ಎರಡು ಮೂರು ತಿಂಗಳು ಹೀಗೆ ಮಾಡಿದರೆ ನಿಮ್ಮ ಮನೆಯ ಅಳತೆ ನಿಮಗೇ ಸಿಕ್ಕಿಬಿಡುತ್ತದೆ.

ಇನ್ನು ನಮ್ಮ ಪಾವು. ಮೆಟ್ರಿಕ್ ತೂಕ ದೇಶಕ್ಕೆಲ್ಲ ಕಡ್ಡಾಯವಾಗಿ ಅರವತ್ತು ವರ್ಷ ದಾಟಿದರೂ ಅಕ್ಕಿ ಡ್ರಮ್ಮಿನೊಳಗೆ ಇರುವುದು ಪಾವೇ! ಇರಲಿ ಬಿಡಿ, ಕೈಗೆ ರೂಢಿಯಾದ ಅಳತೆ. ಆದರೆ ಒಂದು ಸಲ ನಿಮ್ಮ ಪಾವನ್ನು ಅಂಗಡಿಗೆ ಒಯ್ದು, ಒಂದು ಪಾವು ಅಕ್ಕಿ ಎಷ್ಟು ಗ್ರಾಂ, ಬೇಳೆ ಎಷ್ಟು, ರಾಗಿಹಿಟ್ಟು ಎಷ್ಟು ಎಂದು ತೂಗಿಸಿ ಬರೆದಿಟ್ಟುಕೊಳ್ಳಿ. ಮೂರೂ ಒಂದೇ ತೂಕ ಬರುವುದಿಲ್ಲ, ಹಿಟ್ಟು ಹಗುರ. ಆಮೇಲೆ ಕೆ.ಜಿ. ಲೆಕ್ಕದಲ್ಲಿ ಚೀಟಿ ಬರೆಯಲು ತೊಡಕಿಲ್ಲ.

ಲೆಕ್ಕ ಹಾಕುವಾಗ ಆರೋಗ್ಯವನ್ನೂ ನೋಡಿಕೊಳ್ಳಬಹುದು. ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಐದು ಜನ ದೊಡ್ಡವರಿರುವ ಮನೆಗೆ ತಿಂಗಳಿಗೆ 750 ಗ್ರಾಂ ಆಯಿತು. ಉಪ್ಪಿನಕಾಯಿ ಹಾಕದ ತಿಂಗಳಲ್ಲೂ ನಿಮ್ಮ ಚೀಟಿಯಲ್ಲಿ ಎರಡು ಕೆ.ಜಿ. ಉಪ್ಪು ಬರುತ್ತಿದ್ದರೆ, ಉಪ್ಸಾರಿಗೆ ಕೈ ಸ್ವಲ್ಪ ಹಿಡಿಯಬೇಕೆಂದು ಚೀಟಿಯೇ ಹೇಳುತ್ತಿದೆ ಎಂದುಕೊಳ್ಳಿ.

ಚೀಟಿಗೆ ಮೂರು ಮನೆ ಗೀಚಿ: ಸಾಮಾನು, ತೂಕ, ಬೆಲೆ. ದಿನಸಿ, ತರಕಾರಿ, ಔಷಧಿ ಬೇರೆ ಬೇರೆ ಗುಂಪಾಗಿರಲಿ, ಆಗ ಒಂದೇ ಅಂಗಡಿಗೆ ಎರಡು ಸಲ ಸುತ್ತುವುದು ತಪ್ಪುತ್ತದೆ. ಯಜಮಾನರು ತರುವುದಾದರೆ ಬಿಡಿಸಿ ಬರೆಯಿರಿ. ಬರೀ "ಬೇಳೆ" ಎಂದು ಬರೆದು, ಅವರು ಕಡಲೆಬೇಳೆ ತಂದಾಗ ಮುಖ ಊದಿಸಿಕೊಂಡರೆ ತಪ್ಪು ಯಾರದು ಹೇಳಿ! ಈಗ ಚೀಟಿಯ ಫೋಟೋ ತೆಗೆದು ವಾಟ್ಸಾಪ್‌ನಲ್ಲಿ ಕಳಿಸುವವರೂ ಇದ್ದಾರೆ. ಒಳ್ಳೆಯದೇ, ಆದರೆ ಮೂಲ ಹಾಳೆ ಮನೆಯಲ್ಲೇ ಇರಲಿ.

ಬೆಲೆಯ ಮನೆಯನ್ನು ಅಂಗಡಿಯಿಂದ ಬಂದ ಮೇಲೆ ತಪ್ಪದೆ ತುಂಬಿ. ಪೊಟ್ಟಣದ ಮೇಲೆ ಅಚ್ಚಾದ ಗರಿಷ್ಠ ಬೆಲೆಯಲ್ಲಿ ಎಲ್ಲ ತೆರಿಗೆಯೂ ಸೇರಿರುತ್ತದೆ. ಅದರ ಮೇಲೆ ಒಂದು ರೂಪಾಯಿಯೂ ಕೇಳುವಂತಿಲ್ಲ. ಲೆಕ್ಕಕ್ಕೆ ಬರೆಸಿ ತರುವ ಮನೆಗಳಲ್ಲಂತೂ ಚೀಟಿ ತೀರಾ ಅಗತ್ಯ. ಅಂಗಡಿಯ ಪುಸ್ತಕ ಅಂಗಡಿಯವರ ಕೈಯಲ್ಲಿರುತ್ತದೆ, ನಿಮ್ಮದೊಂದು ನಿಮ್ಮ ಕೈಯಲ್ಲಿರಲಿ. ಜಗಳಕ್ಕಲ್ಲ, ತಾಳೆ ನೋಡುವುದಕ್ಕೆ. "ಅಣ್ಣಾ, ನನ್ನ ಚೀಟೀಲಿ ಎಣ್ಣೆ ಮೂರೇ ಸಲ ಇದೆ, ಒಂಚೂರು ನೋಡಿ" ಎಂದು ನಗುತ್ತಲೇ ಕೇಳಬಹುದು. ಗೃಹಲಕ್ಷ್ಮಿಯ ಎರಡು ಸಾವಿರ ಖಾತೆಗೆ ಬಂದರೂ "ದುಡ್ಡು ಎಲ್ಲಿ ಹೋಯ್ತೋ" ಎನ್ನುವವರಿಗೂ ಇದೇ ಮದ್ದು.

ಹುಳು ಮನೆಯ ಚೀಟಿ

ರೇಷ್ಮೆ ಹುಳು ಸಾಕುವ ಮನೆಗಳು ನಮ್ಮ ಕೊಳ್ಳೇಗಾಲದ ಸುತ್ತ ತಲೆಮಾರುಗಳಿಂದ ಇವೆ. ಆ ಮನೆಯ ಹೆಣ್ಣುಮಕ್ಕಳಿಗೆ ಒಂದು ಮಾತು. ಮರಿಯಾದಾಗಿನಿಂದ ಗೂಡು ಕಟ್ಟುವವರೆಗೆ ಹೆಚ್ಚುಕಡಿಮೆ ಇಪ್ಪತ್ತೈದು ದಿನ. ಅದರಲ್ಲಿ ನಾಲ್ಕನೇ ಜ್ವರ ಎದ್ದ ಮೇಲಿನ ಏಳೆಂಟು ದಿನದಲ್ಲೇ ಹುಳು ತನ್ನ ಒಟ್ಟು ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತು ಪಾಲು ತಿಂದು ಮುಗಿಸುತ್ತದೆ. ಆ ವಾರ ನಿಮಗೆ ತಲೆ ಬಾಚಿಕೊಳ್ಳಲೂ ಪುರುಸೊತ್ತಿಲ್ಲ, ಇನ್ನು ಅಂಗಡಿಗೆ ಹೋಗುವುದೆಲ್ಲಿ ಬಂತು! ಆದ್ದರಿಂದ ಹುಳು ನಾಲ್ಕನೇ ಜ್ವರಕ್ಕೆ ಹೋಗುವ ಮೊದಲೇ ಮನೆಯ ಸಾಮಾನು ತಂದಿಟ್ಟುಬಿಡಿ. ಬೇಗ ಆಗುವ ಅಡಿಗೆಯ ಪದಾರ್ಥ, ಕರಿದಿಟ್ಟ ಖಾರದ ಪುಡಿ, ಮಕ್ಕಳ ಶಾಲೆಯ ಸಾಮಾನು ಎಲ್ಲವೂ ಆ ಚೀಟಿಯಲ್ಲಿ ಬರಲಿ. ಚಂದ್ರಿಕೆ ಸರಿಯಿದೆಯೇ, ಹಣ್ಣು ಹುಳು ಆಯುವುದಕ್ಕೆ ಯಾರ್‍ಯಾರು ಬರುತ್ತಾರೆ ಎಂಬುದನ್ನೂ ಬರೆದಿಡಿ. ಹುಳು ಮನೆ ತೊಳೆಯುವ ಬ್ಲೀಚಿಂಗ್ ಪುಡಿ, ಸುಣ್ಣಕ್ಕೆ ಚೀಟಿಯೂ ಬೇರೆ, ಚೀಲವೂ ಬೇರೆ. ದಿನಸಿಯ ಜೊತೆ ಅವನ್ನು ಸೇರಿಸಲೇಬೇಡಿ.

ವರ್ಷಕ್ಕೊಂದು ಚೀಟಿಯೂ ಇರಲಿ. ಹೊಸ ಹುಣಸೆಹಣ್ಣು ಬೇಸಿಗೆಯ ಹೊತ್ತಿಗೆ ಬರುತ್ತದೆ. ವರ್ಷಕ್ಕಾಗುವಷ್ಟು ಆಗಲೇ ಕೊಂಡು, ಬೀಜ ನಾರು ತೆಗೆದು, ಉಪ್ಪು ಬೆರೆಸಿ ಜಾಡಿಗೆ ತುಂಬಿ. ಹಪ್ಪಳ ಸಂಡಿಗೆಗೂ ಅದೇ ಬಿಸಿಲು. ಸೀಗೆ, ಅಂಟುವಾಳ, ಜೇನು ಬೇಕಾದವರಿಗೆ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಕಾಡಿನಿಂದ ತಂದದ್ದು ಸಿಗುತ್ತದೆ. ಶಿವರಾತ್ರಿ, ಯುಗಾದಿ, ದೀಪಾವಳಿಗೆ ಮಾದಪ್ಪನ ಬೆಟ್ಟಕ್ಕೆ ಜನ ಹರಿದು ಬರುವಾಗ ಬಸ್ಸು ಹತ್ತುವುದೇ ಕಷ್ಟ. ಆ ದಿನಗಳನ್ನು ಮೊದಲೇ ಗುರುತಿಟ್ಟುಕೊಂಡು ಪೇಟೆ ಕೆಲಸವನ್ನು ಹಿಂದೆ ಮುಂದೆ ಮಾಡಿಕೊಳ್ಳಿ.

ಕೆಲಸದ ಚೀಟಿ

ಇದು ಸ್ವಲ್ಪ ಸೂಕ್ಷ್ಮದ ವಿಷಯ. ಒಂದು ಭಾನುವಾರ ಕೂತು, ಬೆಳಗಿನ ಐದರಿಂದ ರಾತ್ರಿ ಹತ್ತರವರೆಗೆ ಮನೆಯಲ್ಲಿ ನಡೆಯುವ ಕೆಲಸಗಳನ್ನೆಲ್ಲ ಬರೆಯಿರಿ. ನೀರು ಹಿಡಿಯುವುದು, ಬಾಗಿಲಿಗೆ ಸಾರಿಸುವುದು, ಡಬ್ಬಿ ಕಟ್ಟುವುದು, ಬಟ್ಟೆ ಮಡಚುವುದು, ಹಾಲಿಗೆ ಹೆಪ್ಪು ಹಾಕುವುದು, ಯಾವುದನ್ನೂ ಬಿಡಬೇಡಿ. ಬರೆದಾದ ಮೇಲೆ ಪ್ರತಿಯೊಂದರ ಮುಂದೆ ಅದನ್ನು ಮಾಡುವವರ ಹೆಸರು ಹಾಕಿ.

ಹೆಸರೆಲ್ಲ ಒಂದೇ ಬಂತಲ್ಲವೇ? 2019ರಲ್ಲಿ ಕೇಂದ್ರ ಸರ್ಕಾರ ದೇಶದಲ್ಲೆಲ್ಲ ಸಮಯ ಬಳಕೆಯ ಸಮೀಕ್ಷೆ ನಡೆಸಿತು. ಮನೆಗೆಲಸ ಮಾಡುವ ಹೆಂಗಸರು ಸಂಬಳವಿಲ್ಲದ ಆ ಕೆಲಸಕ್ಕೆ ದಿನಕ್ಕೆ ಸರಾಸರಿ 299 ನಿಮಿಷ, ಅಂದರೆ ಐದು ಗಂಟೆಗೆ ಒಂದೇ ನಿಮಿಷ ಕಡಿಮೆ ಕೊಡುತ್ತಿದ್ದರು. ಗಂಡಸರಲ್ಲಿ ಮನೆಗೆಲಸ ಮಾಡುವವರದ್ದು 97 ನಿಮಿಷ. "ಮನೇಲಿ ಕೂತಿರ್ತಾಳೆ" ಎಂಬ ಮಾತಿಗೆ ಇದಕ್ಕಿಂತ ಉತ್ತರ ಬೇಕೇ?

ಹಾಗೆಂದು ಹಾಳೆ ಹಿಡಿದು ಕದನಕ್ಕೆ ನಿಲ್ಲಬೇಡಿ. ಊಟವಾದ ಮೇಲೆ ಎಲ್ಲರೂ ಕೂತಿರುವಾಗ ಓದಿ ಹೇಳಿ. "ಇದರಲ್ಲಿ ಯಾರಿಗೆ ಯಾವುದು ಆಗುತ್ತೆ, ನೀವೇ ಹೇಳಿ" ಅನ್ನಿ. ಹತ್ತು ವರ್ಷದ ಮಗ ನೀರಿನ ಬಿಂದಿಗೆ ತುಂಬಬಲ್ಲ, ತಾನುಂಡ ತಟ್ಟೆ ತೊಳೆಯಬಲ್ಲ. ಮಗಳಿಗೆ ಮಾತ್ರ ಹೇಳಿ ಮಗನನ್ನು ಬಿಡಬೇಡಿ. ಮಾವನವರು ಸೊಪ್ಪು ಬಿಡಿಸುತ್ತಾರೆ, ಅವರಿಗೂ ಹೊತ್ತು ಹೋಗುತ್ತದೆ. ಯಜಮಾನರು ಕರೆಂಟ್ ಬಿಲ್ಲು, ಗ್ಯಾಸು, ರೇಷನ್ ಮೂರನ್ನು ಪೂರಾ ವಹಿಸಿಕೊಳ್ಳಲಿ. ಪೂರಾ ಎಂದರೆ ನೆನಪಿಡುವ ಕೆಲಸವೂ ಅವರದ್ದೇ. "ನೀನು ನೆನಪು ಮಾಡು, ನಾನು ಮಾಡ್ತೀನಿ" ಎಂದರೆ ಅರ್ಧ ಹೊರೆ ನಿಮ್ಮ ತಲೆಯ ಮೇಲೇ ಉಳಿಯಿತು. ಮೊದಲ ವಾರ ಎರಡು ಕೆಲಸ ಕೈ ಬದಲಾದರೂ ಸಾಕು, ಅಷ್ಟಕ್ಕೇ ಸಂತೋಷಪಡಿ.

ನಿಮ್ಮ ಸಾಲು

ಈಗ ನಿಮ್ಮ ಹಳೆಯ ಚೀಟಿಗಳಿದ್ದರೆ ಒಮ್ಮೆ ತೆಗೆದು ನೋಡಿ. ಮಕ್ಕಳ ಬಿಸ್ಕತ್ತು ಇದೆ, ಯಜಮಾನರ ಬ್ಲೇಡು ಇದೆ, ಅತ್ತೆಯವರ ಎಲೆ ಅಡಿಕೆ ಇದೆ, ದನಕ್ಕೆ ಹಿಂಡಿಯೂ ಇದೆ. ನಿಮ್ಮದು? ಆರು ತಿಂಗಳಿಂದ ಮಂಜಾಗಿರುವ ಕಣ್ಣಿಗೆ ಕನ್ನಡಕ, ರಾತ್ರಿಯೆಲ್ಲ ನೋಯುವ ಹಲ್ಲು, ಮುಟ್ಟಿನ ಪ್ಯಾಡು, ತೇಯ್ದುಹೋದ ಚಪ್ಪಲಿ ಎಲ್ಲವೂ "ಮುಂದಿನ ತಿಂಗಳು ನೋಡೋಣ". ದುಡ್ಡು ಕಡಿಮೆ ಬಿದ್ದರೆ ಮೊದಲು ಹೊಡೆದುಹಾಕುವ ಸಾಲು ನಮ್ಮದು. ಎಷ್ಟೋ ಸಲ ಹೊಡೆದುಹಾಕುವುದಕ್ಕೂ ಇರುವುದಿಲ್ಲ, ಬರೆದೇ ಇರುವುದಿಲ್ಲವಲ್ಲ!

ಇದು ಸಣ್ಣ ವಿಷಯವಲ್ಲ ಸೋದರಿಯರೇ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ. ಮೆಟ್ಟಿಲು ಹತ್ತಿದರೆ ಏದುಸಿರು, ಮಧ್ಯಾಹ್ನವೇ ಕೈಕಾಲು ಸೋತಂತಾಗುವುದು, ಕಣ್ಣಿನ ಕೆಳರೆಪ್ಪೆಯ ಒಳಗೆ ಬಿಳಿಚಿಕೊಂಡಿರುವುದು ಇದ್ದರೆ "ಕೆಲಸ ಜಾಸ್ತಿ, ಅದಕ್ಕೇ" ಎಂದು ತಳ್ಳಿಹಾಕಬೇಡಿ. ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿಕೊಳ್ಳಿ. ಡಾಕ್ಟರು ಕಬ್ಬಿಣಾಂಶದ ಮಾತ್ರೆ ಬರೆದುಕೊಟ್ಟರೆ ಅದನ್ನು ಕಾಫಿ ಟೀ ಜೊತೆ ನುಂಗಬೇಡಿ, ಮೈಗೆ ಹತ್ತುವುದಿಲ್ಲ. ಸೊಪ್ಪಿನ ಸಾರು ತಟ್ಟೆಗೆ ಬಿದ್ದ ಮೇಲೆ ನಾಲ್ಕು ಹನಿ ನಿಂಬೆರಸ ಹಿಂಡಿಕೊಳ್ಳಿ, ಸೊಪ್ಪಿನ ಕಬ್ಬಿಣಾಂಶ ಚೆನ್ನಾಗಿ ಮೈಗೂಡುತ್ತದೆ.

ಗುರುತು ಬಿದ್ದದ್ದು ಮಾತ್ರ ಲೆಕ್ಕಕ್ಕೆ ಬರುತ್ತದೆ ಎಂದೆವಲ್ಲ, ಅದು ಇಲ್ಲಿಗೂ ಸಲ್ಲುತ್ತದೆ. ಬಾಯಲ್ಲಿ ಹೇಳಿದ ಕನ್ನಡಕ ಗಾಳಿಗೆ ಹೋಗುತ್ತದೆ. ಚೀಟಿಯಲ್ಲಿ ಅಕ್ಕಿ ಬೇಳೆಯ ಸಾಲಿನಲ್ಲೇ ಕೂತ ಕನ್ನಡಕವನ್ನು ಮನೆಯವರೆಲ್ಲ ಓದುತ್ತಾರೆ. ಈ ತಿಂಗಳು ಆಗದಿದ್ದರೆ ಮುಂದಿನ ತಿಂಗಳ ಚೀಟಿಗೆ ಅದೇ ಸಾಲನ್ನು ಮೊದಲು ಇಳಿಸಿಕೊಳ್ಳಿ. ಬರೆಯಲು ಸಂಕೋಚವೇ? "ಪ್ಯಾಡು" ಎಂದು ಬರೆದ ಚೀಟಿ ಯಜಮಾನರ ಕೈಗೆ ಹೋದರೆ ಏನೂ ಮುಳುಗುವುದಿಲ್ಲ, ಅದೂ ಸೋಪಿನ ಹಾಗೆ ಒಂದು ಸಾಮಾನೇ.

ಬರೆಯಲು ಬಾರದ ಅತ್ತೆಯವರೋ ನೆರೆಯವರೋ ಇದ್ದರೆ ಅವರನ್ನೂ ಕೂರಿಸಿಕೊಂಡು "ನಿಮಗೇನು ಬೇಕವ್ವಾ?" ಎಂದು ಕೇಳಿ. ಬಹುಶಃ ಯಾರೂ ಕೇಳಿರಲಿಕ್ಕಿಲ್ಲ. ಅವರದ್ದೂ ಒಂದು ಸಾಲು ನಿಮ್ಮ ಕೈಯಿಂದ ಚೀಟಿಗೆ ಇಳಿಯಲಿ.

ಈ ಸಂಚಿಕೆ ಓದಿ ಕೆಳಗಿಟ್ಟ ಕೂಡಲೇ ಕ್ಯಾಲೆಂಡರ್ ಹಾಳೆ ಹುಡುಕಿ, ಪೆನ್ಸಿಲ್‌ಗೆ ದಾರ ಕಟ್ಟಿ. ಮೊದಲ ಸಾಲಿನಲ್ಲಿ ನಿಮಗೆ ಬೇಕಾದ್ದೊಂದನ್ನು ಬರೆಯಿರಿ. ಅಕ್ಕಿ, ಬೇಳೆ, ಎಣ್ಣೆ ಎರಡನೇ ಸಾಲಿನಿಂದ ಶುರುವಾಗಲಿ. ಏನಂತೀರಿ?