ಖಾಲಿ ಸೀಟಿನ ಬೆಲೆ

ಮಂಗಸೂಳಿ ರಸ್ತೆಯಲ್ಲಿ ಉಗಾರದ ಕಾರಖಾನೆಗೆ ಹೊರಟ ಕಬ್ಬಿನ ಗಾಡಿಗೆ ಹೇರು ಹೆಚ್ಚಾದರೆ ಎತ್ತು ನಿಂತುಬಿಡುತ್ತದೆ. ಹೆಲಿಕಾಪ್ಟರಿಗೆ ಹಾಗೆ ನಿಲ್ಲಲು ನಡುದಾರಿಯಲ್ಲಿ ನೆಲವಿಲ್ಲ.

ಮುಂಬೈ ಹೈ ತೈಲಕ್ಷೇತ್ರದ ಕಾಮಗಾರರು ಪಾಳಿಗೆ ಹೋಗುವುದು ಹೆಲಿಕಾಪ್ಟರಿನಲ್ಲಿ. 2003ರ ಆಗಸ್ಟ್ 11ರಂದು 27 ಜನ, 2018ರ ಜನವರಿ 13ರಂದು ಒಳಗಿದ್ದ 7 ಜನರೂ, 2022ರ ಜೂನ್ 28ರಂದು ಸಾಗರ್ ಕಿರಣ್ ರಿಗ್ಗಿನ ಸಮೀಪ 9 ಜನರಲ್ಲಿ 4 ಜನ ಸತ್ತರು. ಎಲ್ಲಕ್ಕೂ ಕಾರಣ ಒಂದೇ ಎಂದು ನಾವು ಹೇಳುತ್ತಿಲ್ಲ. ಆದರೆ ಪ್ರತಿ ಹಾರಾಟಕ್ಕೂ ತೂಕದ ಲೆಕ್ಕವೊಂದಿದೆ.

ರಿಗ್ಗಿನ ಹೆಲಿಡೆಕ್ ಎಂದರೆ ಸಮುದ್ರದ ಮೇಲೆ ಎತ್ತರಕ್ಕೆ ಕಟ್ಟಿದ ಅಟ್ಟ. ಅಲ್ಲಿ ಓಡಿ ಇಳಿಯಲು ಜಾಗವಿಲ್ಲ. ಯಂತ್ರ ತನ್ನ ಬಲದಿಂದಲೇ ತೇಲಿ ಕೂಡಬೇಕು. ಬಿಸಿಲೇರಿದಂತೆ ಗಾಳಿ ತೆಳುವಾಗಿ ರೆಕ್ಕೆಯ ಹಿಡಿತವೂ ಎಂಜಿನ್ನಿನ ಬಲವೂ ತಗ್ಗುತ್ತವೆ. ಮೇಲಾಗಿ ರಿಗ್ಗಿನ ಚಿಮಣಿಯ ಬಿಸಿ ಉಸಿರು, ಕ್ರೇನುಗಳ ನಡುವೆ ಸುಳಿಯುವ ಗಾಳಿ. ಆ ಗಳಿಗೆಯಲ್ಲಿ ಎರಡರಲ್ಲೊಂದು ಎಂಜಿನ್ ಕೆಟ್ಟರೆ ಉಳಿದದ್ದೇ ಎಲ್ಲರನ್ನೂ ಹೊರಬೇಕು. ಅದಕ್ಕೆ ಭಾರ ಇಳಿಸಬೇಕು. ಮರಳಿ ಬರುವ ಇಂಧನ ಕಡಿಮೆ ಮಾಡುವಂತಿಲ್ಲ. ಸೀಟೇ ಖಾಲಿ ಬಿಡಬೇಕು. ಯಂತ್ರ ಬೆಂಗಳೂರಿನ ಎಚ್.ಎ.ಎಲ್.ನದಿರಲಿ, ಅಮೆರಿಕದ್ದಿರಲಿ, ಈ ಲೆಕ್ಕ ತಪ್ಪದು.

ಖಾಲಿ ಸೀಟು ಜಮಾಖರ್ಚು ಬರೆಯುವವನಿಗೆ ನಷ್ಟ. ಹತ್ತು ಹಾರಾಟದ ಕೆಲಸಕ್ಕೆ ಹನ್ನೆರಡು ಆದೀತು, ಆಗಲಿ! ಓ.ಎನ್.ಜಿ.ಸಿ. ಸರಕಾರಿ ಸಂಸ್ಥೆ, ಆ ಖರ್ಚು ಗುತ್ತಿಗೆಯಲ್ಲೇ ಸೇರಿರಬೇಕೆಂಬುದು ನಮ್ಮ ಬೇಡಿಕೆ. ತೂಕದ ಚೀಟಿಯನ್ನು ಹತ್ತುವ ಮುನ್ನ ಕಾಮಗಾರರಿಗೆ ತೋರಿಸಬೇಕು. ಒಬ್ಬನನ್ನು ದಡದಲ್ಲೇ ಬಿಟ್ಟುಹೋದ ಪೈಲಟನಿಂದ ಯಾರೂ ಜವಾಬು ಕೇಳಕೂಡದು.