ನಿಮ್ಮ ಮೌನಕ್ಕೆ ನಮ್ಮ ಸೇತುವೆ ಅಡ್ಡ ಬಂತೇ?

ಶರಾವತಿ ಹಿನ್ನೀರಿನ ಮೇಲಿನ ಸಿಗಂದೂರು ಸೇತುವೆ 2025ರ ಜುಲೈ 14ರಂದು ಉದ್ಘಾಟನೆಯಾಯಿತು. ಅಂದು ಶುರುವಾದ ಶೋಕಾಚರಣೆ ಇನ್ನೂ ನಿಂತಿಲ್ಲ. ತೀರಿಕೊಂಡವರು ಯಾರು ಅಂದರೆ, ಜನರನ್ನೂ ವಾಹನಗಳನ್ನೂ ದಡ ದಾಟಿಸುತ್ತಿದ್ದ ಲಾಂಚ್ ಅಂತೆ! ನೀರಿನ ಮೇಲೆ ತೇಲಿ ಹೋಗುವ ಆ ಸುಖ ಇನ್ನೆಲ್ಲಿ, ಹಿನ್ನೀರಿನಾಚೆಯ ತುಮರಿಯ ಆ ನೀರವತೆ ಇನ್ನೆಲ್ಲಿ, ಇನ್ನು ಕಾರುಗಳು ನುಗ್ಗುತ್ತವೆ, ಜನ ಮುತ್ತುತ್ತಾರೆ, ಇದೂ ಇನ್ನೊಂದು ಚಿಕ್ಕಮಗಳೂರು ಆಗಿಬಿಡುತ್ತದೆ ಎಂದು ಅಳುತ್ತಿದ್ದಾರೆ. ಅಳುತ್ತಿರುವವರು ಯಾರೆಂದು ಸ್ವಲ್ಪ ನೋಡಿ. ಬೆಂಗಳೂರಿನವರು, ಮೈಸೂರಿನವರು, ಊರು ಬಿಟ್ಟು ಅಮೆರಿಕ ಸೇರಿದ ನಮ್ಮ ಕಡೆಯವರು. ಸೇತುವೆಯಾಚೆಯ ಕರೂರು ಹೋಬಳಿಯಲ್ಲಿ ಮಳೆಗಾಲದ ಅಪರಾತ್ರಿ ಹೆರಿಗೆ ನೋವು ತಿಂದವರು ಒಬ್ಬರೂ ಆ ಗುಂಪಿನಲ್ಲಿಲ್ಲ.

ಈ ಮೌನ ಎಲ್ಲಿಂದ ಬಂತು ಎಂಬುದು ಈ ಮೌನಪ್ರಿಯರಿಗೆ ಗೊತ್ತಿದೆಯೇ? 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ನೂರೈವತ್ತು ಟಿಎಂಸಿಗೂ ಹೆಚ್ಚು ನೀರು ನಿಂತಿತು. ಗದ್ದೆ, ತೋಟ, ದೇವಸ್ಥಾನ, ಮನೆ, ಸಾಗರಕ್ಕೆ ಹೋಗುವ ದಾರಿ, ಎಲ್ಲವೂ ಅದರಡಿ ಹೋದವು. ಅಳಿದುಳಿದ ಕರೂರು, ಭಾರಂಗಿ ಹೋಬಳಿಗಳ ಜನ ಎದುರು ದಡ ನೋಡುತ್ತಾ ಉಳಿದರು. ಶರಾವತಿ ವಿದ್ಯುದಾಗಾರದ 1,035 ಮೆಗಾವಾಟ್ ವಿದ್ಯುತ್ತು ರಾಜ್ಯಕ್ಕೆಲ್ಲ ಬೆಳಕು ಕೊಟ್ಟಿತು, ಅದಕ್ಕೆ ಜಾಗ ಬಿಟ್ಟುಕೊಟ್ಟವರ ಮನೆಯಲ್ಲಿ ಚಿಮಣಿ ದೀಪವೇ ಉರಿಯಿತು. ನೀವು ಕಣ್ಣು ಮುಚ್ಚಿ ಆಸ್ವಾದಿಸಿದ ಆ ನೀರವತೆ ದೇವರು ಸೃಷ್ಟಿಸಿದ್ದಲ್ಲ, ಸರ್ಕಾರ ಕಟ್ಟಿಸಿದ್ದು. ನಾ. ಡಿಸೋಜ ಈ ಮುಳುಗಡೆಯ ಸಂಕಟವನ್ನೇ ‘ದ್ವೀಪ’ ಎಂದು ಕಾದಂಬರಿ ಬರೆದರು, ಗಿರೀಶ್ ಕಾಸರವಳ್ಳಿ ಸಿನಿಮಾ ಮಾಡಿದರು. ಓದಿದ್ದೂ ಆಯಿತು, ನೋಡಿ ಚಪ್ಪಾಳೆ ತಟ್ಟಿದ್ದೂ ಆಯಿತು. ಈಗ ಅದೇ ದ್ವೀಪ ವಾರಾಂತ್ಯದ ಪ್ಯಾಕೇಜು, ಎರಡು ರಾತ್ರಿ ಮೂರು ಹಗಲು, ಊಟ ಸೇರಿ.

1964ರಿಂದ 2025. ಅರವತ್ತೊಂದು ವರ್ಷ. ಕಟ್ಟಬೇಕಾಗಿದ್ದದ್ದು 2.44 ಕಿಲೋಮೀಟರ್ ಸೇತುವೆ. ಒಂದು ತಲೆಮಾರು ಅರ್ಜಿ ಬರೆದೇ ಸತ್ತಿತು, ಇನ್ನೊಂದು ತಲೆಮಾರು ಅರ್ಜಿಯ ಜೆರಾಕ್ಸ್ ಹಿಡಿದು ಮುದಿಯಾಯಿತು. ಅಷ್ಟರಲ್ಲಿ ಎಷ್ಟು ಮುಖ್ಯಮಂತ್ರಿಗಳು ಬಂದು ಹೋದರು, ಅವರಲ್ಲಿ ಶಿವಮೊಗ್ಗ ಜಿಲ್ಲೆಯವರೇ ಎಷ್ಟು ಮಂದಿ, ಬೆರಳು ಮಡಚಿ ಎಣಿಸಿ.

ಲಾಂಚಿನ ರಮ್ಯತೆಯ ಬಗ್ಗೆ ಎರಡು ಮಾತು. ಸಂಜೆ ಕೊನೆಯ ಲಾಂಚ್ ಹೊರಟ ಮೇಲೆ ಎದೆನೋವು ಬರುವ ಹಾಗಿರಲಿಲ್ಲ. ಬಂದರೆ ನಿಟ್ಟೂರು, ಹೊಸನಗರದ ಕಡೆಯಿಂದ ಸುತ್ತು ಹೊಡೆದು ಸಾಗರ ಸೇರಬೇಕು. ಎದುರಿಗೇ ಕಾಣುವ ದಡಕ್ಕೆ ಆ ಪ್ರದಕ್ಷಿಣೆ. ಬೇಸಿಗೆಯ ಕೊನೆಗೆ ನೀರು ತಳ ಸೇರಿದರೆ ಲಾಂಚಿಗೆ ವಾಹನ ಹತ್ತಿಸುತ್ತಿರಲಿಲ್ಲ. ಜಲಾಶಯದ ಮಟ್ಟ 1,819 ಅಡಿ ಮುಟ್ಟಿತೋ ಇಲ್ಲವೋ ಎಂಬುದು ಬೆಂಗಳೂರಿನವರಿಗೆ ಪತ್ರಿಕೆಯ ಮೂಲೆಯ ಸುದ್ದಿ, ಇಲ್ಲಿಯವರಿಗೆ ಅಡಿಕೆ ಮೂಟೆ ಪೇಟೆಗೆ ಹೋಗುತ್ತದೋ ಇಲ್ಲವೋ ಎಂಬ ಲೆಕ್ಕವಾಗಿತ್ತು. ಇನ್ನು ರಜಾ ದಿನಗಳಲ್ಲಿ ಲಾಂಚ್ ಹತ್ತುವ ಹೊಳೆಬಾಗಿಲಲ್ಲಿ ಕಾರುಗಳ ಸಾಲು ನೋಡಿದವರಿಗೆ ಗೊತ್ತು: ಸಿಗಂದೂರು ಚೌಡೇಶ್ವರಿಯ ದರ್ಶನಕ್ಕೆ, ಹಿನ್ನೀರಿನ ಫೋಟೋಕ್ಕೆ ಬಂದವರ ಬಾಲದ ತುದಿಯಲ್ಲಿ ಊರಿನ ಹೆಂಗಸರು ಕೂಸು ಎತ್ತಿಕೊಂಡು ಬಿಸಿಲಿಗೆ ನಿಂತಿರುತ್ತಿದ್ದರು. ಜನಸಂದಣಿ ಸೇತುವೆಯ ಜೊತೆ ಬಂತಂತೆ! ನೀವು ಲಾಂಚ್ ಹತ್ತಿ ಆ ಕಡೆ ಮುಖ ಮಾಡಿ ಫೋಟೋ ತೆಗೆದುಕೊಂಡಿರಿ, ಹಿಂದೆ ತಿರುಗಿ ನೋಡಿದ್ದರೆ ಸಂದಣಿ ಆಗಲೇ ಕಾಣುತ್ತಿತ್ತು.

ಈಗ ‘ಯಾರೂ ನೋಡದ ಜಾಗ’ ಎಂಬ ವ್ಯಾಪಾರಕ್ಕೆ ಬರೋಣ. ಮೊಬೈಲ್ ತೆರೆದರೆ ಸಾಕು, ಯಾರೂ ನೋಡದ ಹತ್ತು ಜಲಪಾತ, ಜನರೇ ಇಲ್ಲದ ಐದು ಬೆಟ್ಟ. ಲಕ್ಷಗಟ್ಟಲೆ ಮಂದಿ ನೋಡಿ ಲೈಕ್ ಒತ್ತಿರುತ್ತಾರೆ, ಆದರೂ ಅದು ಯಾರೂ ನೋಡದ ಜಾಗವೇ. 2024ರ ಜನವರಿಯ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರಪರ್ವತದಲ್ಲಿ ಏನಾಯಿತೆಂದು ಮರೆತಿರಾ? ಸುಬ್ರಹ್ಮಣ್ಯದ ಷಷ್ಠಿ ರಥೋತ್ಸವಕ್ಕೂ ಅಷ್ಟು ನೂಕುನುಗ್ಗಲು ಆಗುತ್ತದೋ ಇಲ್ಲವೋ. ಆ ನೂಕುನುಗ್ಗಲಿನ ವಿಡಿಯೋ ಹರಿದಾಡಿದ ಮೇಲೆ ಅರಣ್ಯ ಸಚಿವರು ಆನ್‌ಲೈನ್ ಬುಕಿಂಗ್ ಇಲ್ಲದ ಕಡೆ ಚಾರಣವನ್ನೇ ನಿಲ್ಲಿಸಿದರು, ಮುಂದೆ ಒಂದು ದಾರಿಗೆ ದಿನಕ್ಕೆ 300 ಜನ ಎಂಬ ಮಿತಿ ಬಂತು. ಮುಳ್ಳಯ್ಯನಗಿರಿಗೆ 2025ರ ಸೆಪ್ಟೆಂಬರ್‌ನಿಂದ ಬೆಳಿಗ್ಗೆ 600, ಮಧ್ಯಾಹ್ನ 600 ವಾಹನ ಎಂದು ಜಿಲ್ಲಾಡಳಿತ ಲೆಕ್ಕ ಹಾಕಿತು. ಆ ಬೆಟ್ಟಗಳನ್ನು ಗಬ್ಬೆಬ್ಬಿಸಿದವರು ಮಂಗಳ ಗ್ರಹದಿಂದ ಬಂದವರೇ? ಇದೇ ಜನ, ಇದೇ ಬ್ಯಾಗು, ಇದೇ ಶೂ. ಉಂಡ ಎಲೆ ಎತ್ತದೆ ಮುಂದಿನ ಪಂಕ್ತಿಯಲ್ಲಿ ಹೋಗಿ ಕೂರುವವರ ಹಾಗೆ, ಒಂದು ಜಾಗ ಮುಗಿಸಿ ಇನ್ನೊಂದಕ್ಕೆ ಹೊರಟು, ಅದಕ್ಕೆ ‘ಆಫ್‌ಬೀಟ್’ ಎಂದು ಹೆಸರಿಟ್ಟಿದ್ದಾರೆ.

ಕೊಲ್ಲೂರಿನ ಬಳಿಯ ಅರಿಶಿನಗುಂಡಿ ಜಲಪಾತದಲ್ಲಿ 2023ರ ಜುಲೈನಲ್ಲಿ ರೀಲ್ಸಿಗೆ ನಿಂತ ಯುವಕ ಕಾಲು ಜಾರಿ ಹೋದ. ಆತನ ಶವ ಹುಡುಕಲು ಆ ಮಳೆಯಲ್ಲಿ ಇಳಿದವರಿಗೆ ಯಾರೂ ಲೈಕ್ ಒತ್ತಲಿಲ್ಲ. 2024ರ ಮಳೆಗಾಲದಲ್ಲಿ ಚಾರ್ಮಾಡಿಯ ಬಂಡೆಗಳ ಮೇಲೆ ಎಷ್ಟು ಹೇಳಿದರೂ ಕೇಳದೆ ಕುಣಿದವರ ಬಟ್ಟೆಗಳನ್ನು ಪೊಲೀಸರು ಎತ್ತಿಕೊಂಡು ಹೋದದ್ದು ನೆನಪಿರಬಹುದು. ಮಲೆನಾಡಿನ ಪೊಲೀಸ್ ಇಲಾಖೆ ಈ ಐವತ್ತು ವರ್ಷಗಳಲ್ಲಿ ಕೈಗೊಂಡ ಅತ್ಯಂತ ಪರಿಣಾಮಕಾರಿ ಕ್ರಮ ಅದು ಎಂಬುದು ನನ್ನ ಖಚಿತ ಅಭಿಪ್ರಾಯ.

ನೆಟ್‌ವರ್ಕ್ ಇಲ್ಲದಿರುವುದು ಈಗ ಹೋಂಸ್ಟೇಗಳ ಜಾಹೀರಾತು. ‘ಇಲ್ಲಿ ಫೋನ್ ಸಿಗುವುದಿಲ್ಲ, ನಿಮಗೆ ನೀವೇ ಸಿಗುತ್ತೀರಿ.’ ಆಹಾ! ಕೋವಿಡ್ ಕಾಲದಲ್ಲಿ ಆನ್‌ಲೈನ್ ತರಗತಿಗೆಂದು ನಮ್ಮ ಮಕ್ಕಳು ಕೊಡೆ ಹಿಡಿದು ಗುಡ್ಡದ ನೆತ್ತಿಗೆ ಹೋಗಿ ಜಿಗಣೆ ಕಚ್ಚಿಸಿಕೊಂಡು ಕೂತಿದ್ದರಲ್ಲ, ಅವರಿಗೂ ಅವರೇ ಸಿಗುತ್ತಿದ್ದರು, ಮೇಷ್ಟ್ರು ಮಾತ್ರ ಸಿಗುತ್ತಿರಲಿಲ್ಲ. ನೆಟ್‌ವರ್ಕ್ ಇಲ್ಲದಿದ್ದರೆ ಮತವೂ ಇಲ್ಲ ಎಂದು ಮಲೆನಾಡಿನ ಹಳ್ಳಿಗಳಲ್ಲಿ ಬೋರ್ಡು ಬಿದ್ದದ್ದು ಸುಮ್ಮನೆ ಅಲ್ಲ. ಅದೇ ಕೊರತೆಗೆ ನೀವು ದಿನಕ್ಕೆ ಐದು ಸಾವಿರ ಕೊಟ್ಟು ಬಂದು, ಭಾನುವಾರ ಸಂಜೆ ಟವರ್ ಸಿಗುವ ಕಡೆ ಕಾರು ನಿಲ್ಲಿಸಿ, ಶಾಂತಿಯ ಬಗ್ಗೆ ಸ್ಟೇಟಸ್ ಹಾಕುತ್ತೀರಿ.

ಕಾಲುಸಂಕದ ಫೋಟೋ ತೆಗೆಯದ ಪ್ರವಾಸಿಗನನ್ನು ನಾನು ಈವರೆಗೆ ಕಂಡಿಲ್ಲ. ಎರಡು ಅಡಿಕೆ ಮರದ ದಿಮ್ಮಿ, ಕೆಳಗೆ ಕೆಂಪಗೆ ಮೊರೆಯುವ ಹಳ್ಳ, ಹಿಂದೆ ಮಂಜು. 2022ರ ಆಗಸ್ಟ್‌ನಲ್ಲಿ ಬೈಂದೂರು ತಾಲ್ಲೂಕಿನ ಕಾಲ್ತೋಡಿನ ಬಳಿ ಶಾಲೆ ಬಿಟ್ಟು ಮನೆಗೆ ಹೊರಟ ಎರಡನೇ ತರಗತಿಯ ಹುಡುಗಿ ಅಂಥದ್ದೇ ಸಂಕದಿಂದ ಜಾರಿ ನೀರು ಪಾಲಾದಳು. ಆ ಸಂಕದ ಜಾಗದಲ್ಲಿ ಕಾಂಕ್ರೀಟ್ ಸೇತುವೆ ಹಾಕಿದರೆ ನಿಸರ್ಗದ ಸೊಬಗು ಕೆಡುತ್ತದೆ ಎಂದು ನನ್ನ ಮುಂದೆ ಯಾರಾದರೂ ಹೇಳಲಿ.

ಇಷ್ಟಕ್ಕೂ ಮಲೆನಾಡು ಯಾಕೆ ಇಷ್ಟು ನಿಶ್ಶಬ್ದವಾಗಿದೆ ಎಂದು ಕೇಳಿಕೊಂಡಿದ್ದೀರಾ? ಮಾತಾಡುವವರು ಉಳಿದಿಲ್ಲ, ಅದಕ್ಕೆ. ಹುಡುಗರೆಲ್ಲ ಬೆಂಗಳೂರು ಸೇರಿದ್ದಾರೆ. ದೊಡ್ಡ ಮನೆಯಲ್ಲಿ ಅಪ್ಪಯ್ಯ, ಅಮ್ಮ, ಒಂದು ನಾಯಿ. ಎಲೆಚುಕ್ಕೆ ರೋಗ ಅಡಿಕೆ ತೋಟವನ್ನು ತಿನ್ನುತ್ತಿದೆ, ಔಷಧಿ ಹೊಡೆಯಲು ಮರ ಹತ್ತುವವರಿಲ್ಲ. ಮಕ್ಕಳಿಲ್ಲವೆಂದು ಸರ್ಕಾರಿ ಶಾಲೆಗೆ ಬೀಗ, ಲಾಭವಿಲ್ಲವೆಂದು ಬಸ್ಸು ಬಂದ್. ಈ ಖಾಲಿತನ ನಿಮಗೆ ನೆಮ್ಮದಿಯಾಗಿ ಕಂಡರೆ ತಪ್ಪು ನಿಮ್ಮ ಕಣ್ಣಿನದು. ಉಳಿದ ಮೌನಕ್ಕೂ ಸರ್ಕಾರ ಬೆಲೆ ಕಟ್ಟಿ ಆಗಿದೆ. ಶರಾವತಿ ಕಣಿವೆಯ ಸಿಂಗಳೀಕ ಅಭಯಾರಣ್ಯದ ಹೊಟ್ಟೆ ಕೊರೆದು 2,000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಯೋಜನೆ ಮಾಡುತ್ತೇವೆ ಎಂದು ಹೊರಟಿದ್ದಾರೆ. ಕೆಳಗಿನ ನೀರನ್ನು ಮೇಲೆತ್ತಿ, ಮೇಲಿನ ನೀರನ್ನು ಕೆಳಗೆ ಬಿಟ್ಟು, ಬೇಕಾದ ಹೊತ್ತಿಗೆ ಕರೆಂಟು ಮಾಡುವ ಆಟ. ಆಟಕ್ಕೆ ಬೀಳುವುದು ಮಾತ್ರ ನಿತ್ಯಹರಿದ್ವರ್ಣದ ಮರಗಳು. 2025ರ ಸೆಪ್ಟೆಂಬರ್‌ನಲ್ಲಿ ಕಾರ್ಗಲ್ ಮತ್ತು ಗೇರುಸೊಪ್ಪದಲ್ಲಿ ಅಹವಾಲು ಸಭೆ ನಡೆದಾಗ ಎದ್ದು ನಿಂತು ಕೂಗಿದವರು ಇಲ್ಲಿನ ರೈತರು, ಹೆಂಗಸರು, ಮಠದವರು, ಒಂದಿಷ್ಟು ಹಳೆಯ ಹೋರಾಟಗಾರರು. ಲಾಂಚಿಗೆ ಕಣ್ಣೀರಿಟ್ಟ ದಂಡು ಅಲ್ಲಿ ನನಗಂತೂ ಕಾಣಲಿಲ್ಲ. ಬಹುಶಃ ಅಂದು ವಾರಾಂತ್ಯ ಇರಲಿಲ್ಲ.

ಸೇತುವೆ ಬಂದರೆ ಜನ ಬರುತ್ತಾರೆ ಎಂಬ ಬೆದರಿಕೆ ಬೇಡ. ಬರುತ್ತಾರೆ, ಬರುತ್ತಲೇ ಇದ್ದಾರೆ. ಅದಕ್ಕೆ ಮದ್ದು ಸೇತುವೆ ಕೆಡವುವುದಲ್ಲ. ಮುಳ್ಳಯ್ಯನಗಿರಿಯಲ್ಲಿ ವಾಹನ ಎಣಿಸಲು ಬರುವ ಸರ್ಕಾರಕ್ಕೆ ಸೇತುವೆಯ ತುದಿಯ ಅಂಬಾರಗೋಡ್ಲಿನಲ್ಲೂ ಎಣಿಸಲು ಬರಬೇಕು. ಹಿನ್ನೀರಿನ ದಂಡೆಯಲ್ಲಿ ಎದ್ದಿರುವ ಟೆಂಟುಗಳಿಗೆ, ರೆಸಾರ್ಟುಗಳಿಗೆ ಪರವಾನಗಿ ಯಾರು ಕೊಟ್ಟರು, ಅವುಗಳ ಕೊಳಚೆ ಯಾವ ನೀರಿಗೆ ಸೇರುತ್ತಿದೆ ಎಂದು ಪಂಚಾಯಿತಿ ಕೇಳಲಿ. ಕೇಳುವುದಿಲ್ಲ, ಯಾಕೆಂದು ಎಲ್ಲರಿಗೂ ಗೊತ್ತು, ಇರಲಿ. ನಿಜಕ್ಕೂ ಜನ ಕಡಿಮೆಯಾಗಬೇಕು ಎಂಬ ಆಸೆ ನಿಮಗಿದ್ದರೆ ಅತಿ ಸುಲಭದ ದಾರಿ ಒಂದಿದೆ, ನೀವು ಬರಬೇಡಿ. ಬಂದೇ ಬರುತ್ತೀರಾದರೆ ಊರವರ ಹೆಸರಿನಲ್ಲಿ ಅಳಬೇಡಿ. ತಮಗೆ ಸೇತುವೆ ಬೇಕೋ ನಿಮ್ಮ ಮೌನ ಬೇಕೋ ಎಂಬುದನ್ನು ಅವರು ಅರವತ್ತೊಂದು ವರ್ಷ ಹೇಳುತ್ತಲೇ ಇದ್ದರು.

ಲಿಂಗನಮಕ್ಕಿಗೆ ಭೂಮಿ ಬಿಟ್ಟು ಎದ್ದು ಹೋದವರ ಮಕ್ಕಳು, ಮೊಮ್ಮಕ್ಕಳಲ್ಲಿ ಅನೇಕರಿಗೆ ತಾವು ಕೂತಿರುವ ನೆಲದ ಹಕ್ಕುಪತ್ರ ಇವತ್ತಿಗೂ ಸಿಕ್ಕಿಲ್ಲ. ಕಂದಾಯ ಇಲಾಖೆ ಅರಣ್ಯ ಇಲಾಖೆಯನ್ನು ತೋರಿಸುತ್ತದೆ, ಅರಣ್ಯ ಇಲಾಖೆ ದಿಲ್ಲಿಯನ್ನು ತೋರಿಸುತ್ತದೆ. ಮುಂದಿನ ಸಲ ಕ್ಯಾಮೆರಾ ಹಿಡಿದು ಬಂದಾಗ ಆ ಹಕ್ಕುಪತ್ರದ ಮೇಲೊಂದು ರೀಲ್ಸ್ ಮಾಡಿ ಹಾಕಿ, ಎಷ್ಟು ಲೈಕ್ ಬರುತ್ತದೋ ನಾನೂ ನೋಡುತ್ತೇನೆ.