ಆ ನಗುವಿನಲ್ಲಿ ನಮ್ಮ ಪಾಲು ಬೇಡ

ಟಿಎಲ್‌ಸಿ ಚಾನೆಲ್‌ನಲ್ಲಿ 2014ರ ಜನವರಿಯಲ್ಲಿ ಶುರುವಾದ ‘90 ಡೇ ಫಿಯಾನ್ಸೆ’ಯನ್ನು ನೀವು ಇಡಿಯಾಗಿ ನೋಡಿರಲಿಕ್ಕಿಲ್ಲ. ತುಣುಕುಗಳನ್ನಂತೂ ನೋಡಿಯೇ ಇರುತ್ತೀರಿ. ರಾತ್ರಿ ಊಟ ಮುಗಿಸಿ ಮೊಬೈಲ್ ಕೈಗೆತ್ತಿಕೊಂಡರೆ ರೀಲ್ಸ್‌ನಲ್ಲಿ ತಾನಾಗಿಯೇ ಬರುತ್ತದೆ. ಅಮೆರಿಕದ ನಡುವಯಸ್ಸಿನ ಗಂಡಸೊಬ್ಬ, ಅವನ ಪಕ್ಕದಲ್ಲಿ ಫಿಲಿಪೀನ್ಸ್‌ನಿಂದಲೋ ಕೊಲಂಬಿಯಾದಿಂದಲೋ ಬಂದ ಹುಡುಗಿ, ಎದುರಿಗೆ ಅವನ ಅಕ್ಕತಂಗಿಯರು, ಗೆಳೆಯರು. ಹಿತ್ತಿಲಲ್ಲಿ ಮಾಂಸ ಸುಡುತ್ತಿರುತ್ತದೆ. ಒಬ್ಬರು ಕೈಯಲ್ಲಿದ್ದ ಗ್ಲಾಸು ಕೆಳಗಿಟ್ಟು ನೇರವಾಗಿಯೇ ಕೇಳುತ್ತಾರೆ: ನೀನು ಬಂದಿದ್ದು ಇವನಿಗಾಗಿಯೋ, ಗ್ರೀನ್ ಕಾರ್ಡಿಗಾಗಿಯೋ? ಹುಡುಗಿ ಇಂಗ್ಲಿಷಿನಲ್ಲಿ ಮಾತಿಗೆ ತಡಕಾಡುತ್ತಾಳೆ. ಕ್ಯಾಮೆರಾ ಅವಳ ಮುಖ ಬಿಟ್ಟು ಕದಲುವುದಿಲ್ಲ. ಅವಳ ತಡವರಿಕೆಯ ಹಿಂದೆ ಸಂಶಯದ ಸಂಗೀತ ಏರುತ್ತದೆ. ಕೆಳಗೆ ಕಾಮೆಂಟುಗಳಲ್ಲಿ ತೀರ್ಪು ಆಗಲೇ ಬಂದುಬಿಟ್ಟಿರುತ್ತದೆ.

ಆ ಕಾಮೆಂಟುಗಳ ನಡುವೆ ಕನ್ನಡದವೂ ಸೇರಿಕೊಳ್ಳುವುದು ನನಗೆ ಸಹಿಸಲಾಗದ ಸಂಗತಿ. ಚೆನ್ನೈನ ಅಮೆರಿಕನ್ ಕಾನ್ಸುಲೇಟ್ ಮುಂದೆ ಫೈಲು ಎದೆಗವಚಿಕೊಂಡು ಸಾಲಿನಲ್ಲಿ ನಿಂತವರು ನಾವು. ಗಾಜಿನ ಆಚೆ ಕೂತವರು ಮುಖ ನೋಡಿ ಏನು ಲೆಕ್ಕ ಹಾಕುತ್ತಾರೋ ಎಂದು ಬೆವರಿದವರು ನಾವು. ಆ ಹುಡುಗಿಯ ಸ್ಥಿತಿ ಗೊತ್ತಿಲ್ಲ ಎನ್ನುವ ಹಕ್ಕು ನಮಗಿಲ್ಲ.

ಕಾರ್ಯಕ್ರಮದ ಹೆಸರಿನಲ್ಲಿರುವ 90 ದಿನ ಯಾವ ನಿರ್ಮಾಪಕರ ಕಲ್ಪನೆಯೂ ಅಲ್ಲ, ಅಮೆರಿಕದ ಕಾನೂನು. ಕೆ-1 ವೀಸಾ ಹುಟ್ಟಿದ್ದು 1970ರಲ್ಲಿ. ನಮ್ಮ ಬೆಂಗಳೂರಿನ ಸಾಫ್ಟ್‌ವೇರ್ ಮಂದಿಗೆ ಚೆನ್ನಾಗಿ ಪರಿಚಯವಿರುವ ಎಲ್ ವೀಸಾ ಬಂದಿದ್ದೂ ಅದೇ ಕಾಯ್ದೆಯಿಂದ. ಅಮೆರಿಕದ ಪ್ರಜೆ ಅರ್ಜಿ ಹಾಕಿ ತಾನು ಮದುವೆಯಾಗುವವರನ್ನು ಕರೆಸಿಕೊಳ್ಳುತ್ತಾರೆ. ಬಂದಿಳಿದ 90 ದಿನದೊಳಗೆ ಮದುವೆ ಆಗಬೇಕು, ಇಲ್ಲವೇ ದೇಶ ಬಿಡಬೇಕು. ಕರೆಸಿಕೊಂಡವರನ್ನೇ ಆಗಬೇಕು. ಮನಸ್ಸು ಬದಲಾಗಿ ಅಲ್ಲಿಯ ಇನ್ನೊಬ್ಬರ ಕೈ ಹಿಡಿದರೆ ಅಲ್ಲೇ ಇದ್ದುಕೊಂಡು ಗ್ರೀನ್ ಕಾರ್ಡ್ ಪಡೆಯಲು ದಾರಿ ಇಲ್ಲ. ವರ್ಕ್ ಪರ್ಮಿಟ್ ಸಿಗುವವರೆಗೆ ಒಂದು ಡಾಲರ್ ಕೂಡ ದುಡಿಯುವಂತಿಲ್ಲ, ಅದು ಸಿಗುವಷ್ಟರಲ್ಲಿ ಸಾಮಾನ್ಯವಾಗಿ ಆ 90 ದಿನ ಕಳೆದೇ ಹೋಗಿರುತ್ತದೆ. ಮದುವೆಯಾದ ಮೇಲೂ ಮೊದಲು ಸಿಗುವುದು ಎರಡು ವರ್ಷದ ಷರತ್ತಿನ ಕಾರ್ಡ್. ಷರತ್ತು ತೆಗೆಸಬೇಕಾದರೆ ಗಂಡ ಹೆಂಡತಿ ಇಬ್ಬರೂ ಸೇರಿ ಅರ್ಜಿಗೆ ಸಹಿ ಹಾಕಬೇಕು. ಹಿಂಸೆಗೆ ಒಳಗಾದವರಿಗೆ ವಿನಾಯಿತಿ ಇದೆ, ನಿಜ. ಆದರೆ ಅದನ್ನು ರುಜುವಾತು ಮಾಡುವ ಹೊರೆ, ಭಾಷೆ ಬಾರದ, ಕೈಯಲ್ಲಿ ಕಾಸಿಲ್ಲದ ಆಕೆಯದೇ.

ಈಗ ಆ ಹಿತ್ತಿಲಿನ ದೃಶ್ಯವನ್ನು ಮತ್ತೊಮ್ಮೆ ನೋಡಿ. ಮನೆ ಅವನದು. ಕಾರು, ಬ್ಯಾಂಕ್ ಖಾತೆ, ಭಾಷೆ, ಅರ್ಜಿ, ಎಲ್ಲವೂ ಅವನದು. ಅವನೊಂದು ಸಹಿ ಹಾಕದಿದ್ದರೆ ಇವಳ ಇಡೀ ಬದುಕು ವಾಪಸ್ ವಿಮಾನ ಹತ್ತಬೇಕು. ಅಷ್ಟು ಅಧಿಕಾರ ಕೈಯಲ್ಲಿರುವವನನ್ನು ಯಾರೂ ಅದೇ ಗಡುಸಿನಿಂದ ಪ್ರಶ್ನಿಸುವುದಿಲ್ಲ. ತನ್ನೂರಿನ ಹೆಂಗಸರನ್ನು ಬಿಟ್ಟು, ತನ್ನನ್ನೇ ಪೂರ್ತಿಯಾಗಿ ನೆಚ್ಚಿಕೊಳ್ಳಬೇಕಾದ ಹೆಂಗಸನ್ನು ಏಕೆ ಹುಡುಕಿಕೊಂಡು ಹೋದೆ ಎಂದು ಅವನನ್ನು ಕೂರಿಸಿ ಕೇಳಲಿ ನೋಡೋಣ. ಕೇಳುವುದಿಲ್ಲ. ಕಟಕಟೆಯಲ್ಲಿ ನಿಲ್ಲುವುದು ಸದಾ ಬಡ ದೇಶದಿಂದ ಬಂದ ಜೀವವೇ.

ಈ ಸಂಶಯ ಟಿವಿಯೊಳಗೇ ಮುಗಿಯುವ ಆಟವಲ್ಲ. 1995ರಲ್ಲಿ ಸಿಯಾಟಲ್‌ನ ಕೋರ್ಟ್ ಕಟ್ಟಡದೊಳಗೆ ಫಿಲಿಪೀನ್ಸ್‌ನ ತುಂಬು ಗರ್ಭಿಣಿಯೊಬ್ಬಳನ್ನು, ಜೊತೆಗೆ ಬಂದಿದ್ದ ಇಬ್ಬರು ಗೆಳತಿಯರನ್ನು ಅವಳ ಗಂಡ ಗುಂಡಿಟ್ಟು ಕೊಂದ. ಅವಳ ಪರಿಚಯ ಅವನಿಗಾಗಿದ್ದು ವಿದೇಶಿ ವಧುಗಳ ಕ್ಯಾಟಲಾಗ್ ಮೂಲಕ. ಅಮೆರಿಕ ಸೇರಲು ತನ್ನನ್ನು ಬಳಸಿಕೊಂಡಳು ಎಂಬ ದೂರು ಹೊತ್ತೇ ಅವನು ಕೋರ್ಟಿಗೆ ಬಂದಿದ್ದು. ಇಂಥ ಸಾವುಗಳ ಬಳಿಕ, 2006ರ ಜನವರಿಯಲ್ಲಿ, ಅಂತರರಾಷ್ಟ್ರೀಯ ವಿವಾಹ ದಲ್ಲಾಳಿಗಳನ್ನು ನಿಯಂತ್ರಿಸುವ ಕಾನೂನಿಗೆ ಸಹಿ ಬಿತ್ತು. ಕರೆಸಿಕೊಳ್ಳುವವರ ಹಿಂಸೆಯ ಅಪರಾಧ ದಾಖಲೆಯನ್ನು ಬರುವವರಿಗೆ ತಿಳಿಸಬೇಕು, ಅವರ ಹಕ್ಕುಗಳನ್ನು ವಿವರಿಸುವ ಪುಸ್ತಿಕೆ ಕೊಡಬೇಕು ಎನ್ನುತ್ತದೆ ಅದು. ಯಾರಿಗೆ ರಕ್ಷಣೆ ಬೇಕು ಎಂಬುದು ಅಮೆರಿಕದ ಸಂಸತ್ತಿಗೆ ಅರ್ಥವಾಗಿದೆ. ಎಂಟು ವರ್ಷದ ನಂತರ ಬಂದ ಈ ಕಾರ್ಯಕ್ರಮ ಮಾತ್ರ ಅದೇ ಹಳೆಯ ಸಂಶಯವನ್ನು ಕಂತು ಕಂತಾಗಿ ಮಾರುತ್ತಿದೆ.

ದುಡ್ಡಿನ ಮಾತು ಬಂದಾಗ ನನಗೆ ಇನ್ನೂ ಹೆಚ್ಚು ಸಂಕಟವಾಗುತ್ತದೆ. ಊರಿನಲ್ಲಿರುವ ಅಮ್ಮನಿಗೆ ಸ್ವಲ್ಪ ಹಣ ಕಳಿಸೋಣವೇ ಎಂದು ಹುಡುಗಿ ಕೇಳಿದರೆ ಸಾಕು, ಅದು ಆ ಕಂತಿನ ಪ್ರೊಮೊ ಆಗುತ್ತದೆ. ದುರಾಸೆ ಬಯಲಾಯಿತು ಎಂಬಂತೆ ತೋರಿಸುತ್ತಾರೆ. ನಾವು ಹಾಗೆ ನೋಡಬಹುದೇ? ಭಟ್ಕಳ, ಉಡುಪಿ, ಮಂಗಳೂರಿನ ಕಡೆ ಎಷ್ಟು ಮನೆಗಳ ಹೆಂಚು, ಎಷ್ಟು ತಂಗಿಯರ ಮದುವೆ, ಎಷ್ಟು ಅಪ್ಪಂದಿರ ಆಪರೇಷನ್ ಗಲ್ಫ್‌ನಿಂದ ಬಂದ ದುಡ್ಡಿನಲ್ಲಿ ನಡೆದಿಲ್ಲ? ದೂರ ಹೋದ ಮಗ ಮನೆಗೆ ಹಣ ಕಳಿಸಿದರೆ ಜವಾಬ್ದಾರಿ ಇರುವ ಮಗ ಎನ್ನುತ್ತೇವೆ. ದೂರ ಹೋದ ಫಿಲಿಪೀನ್ಸ್ ಹುಡುಗಿ ಅದನ್ನೇ ಮಾಡಹೊರಟರೆ ಅವಳು ಮೋಸಗಾತಿಯೇ?

ಇದೇ ಸರಣಿಯಿಂದ 2019ರಲ್ಲಿ ‘ದಿ ಅದರ್ ವೇ’ ಕವಲೊಡೆಯಿತು. ಅದರಲ್ಲಿ ಅಮೆರಿಕದವರು ತಮ್ಮ ದೇಶ ಬಿಟ್ಟು ಸಂಗಾತಿಯ ದೇಶಕ್ಕೆ ಬರುತ್ತಾರೆ. ಒಬ್ಬ ಭಾರತೀಯ ಯುವಕನಿಗಾಗಿ, ಅವನಿಗಿಂತ ಸುಮಾರು ಮೂವತ್ತು ವರ್ಷ ಹಿರಿಯ ಹೆಂಗಸು ಇಲ್ಲಿಗೆ ಬಂದರು. ಅವನ ತಂದೆತಾಯಿ ಒಪ್ಪಲಿಲ್ಲ. ಆ ತಾಯಿಯ ಅಳು, ಸಿಟ್ಟು ಎಲ್ಲವೂ ಸಬ್‌ಟೈಟಲ್ ಸಮೇತ ಜಗತ್ತಿನ ನಗೆಗೆ ಒದಗಿತು. ಅವರ ನಿಲುವನ್ನು ನಾನು ಸಮರ್ಥಿಸುತ್ತಿಲ್ಲ. ಪ್ರಾಯಕ್ಕೆ ಬಂದ ಇಬ್ಬರು ಕೂಡಿ ಬಾಳುವುದನ್ನು ತಡೆಯುವ ಹಕ್ಕು ಯಾವ ಮನೆಗೂ ಇಲ್ಲ. ಆದರೆ ತನ್ನ ಮನೆಯ ನಡುವೆ ನಿಂತು ಅತ್ತ ಹೆಂಗಸಿನ ಮುಖವನ್ನು ಮೀಮ್ ಮಾಡಿದವರಲ್ಲಿ ನಮ್ಮ ದೇಶದವರೂ ಇದ್ದರಲ್ಲ, ಅದಕ್ಕೆ ನಾಚಿಕೆಪಡಬೇಕು.

ಇನ್ನು ಇದೇ ಸರಣಿಯ ಇನ್ನೊಂದು ಕವಲು ‘ಪಿಲ್ಲೋ ಟಾಕ್’. ಹಿಂದಿನ ಕಂತುಗಳಲ್ಲಿ ಪ್ರೀತಿ, ಜಗಳ, ಅಳು ಎಲ್ಲವನ್ನೂ ಕ್ಯಾಮೆರಾಕ್ಕೆ ಒಪ್ಪಿಸಿದವರನ್ನೇ ಹಾಸಿಗೆಯ ಮೇಲೆ ಕೂರಿಸಿ, ಹೊಸಬರ ಕಂತು ತೋರಿಸಿ ಆಡಿಕೊಳ್ಳಲು ಬಿಡುತ್ತಾರೆ. ನಿನ್ನೆ ನಗೆಪಾಟಲಾದವರ ಕೈಯಿಂದಲೇ ಇವತ್ತಿನವರನ್ನು ನಗೆಪಾಟಲು ಮಾಡಿಸುವುದು ನನಗೆ ಮನರಂಜನೆಯಾಗಿ ಕಾಣುವುದಿಲ್ಲ, ಕ್ರೌರ್ಯವಾಗಿಯೇ ಕಾಣುತ್ತದೆ.

ಕಾಮೆಂಟಿನಿಂದ ಏನಾಗುತ್ತದೆ ಬಿಡಿ ಎನ್ನುವವರು ಜಪಾನಿನ ಹಾನಾ ಕಿಮುರಾ ಅವರನ್ನು ನೆನೆಯಬೇಕು. ವೃತ್ತಿಪರ ಕುಸ್ತಿಪಟು, ವಯಸ್ಸು 22. ಅಪರಿಚಿತ ಯುವಕ ಯುವತಿಯರು ಒಂದೇ ಮನೆಯಲ್ಲಿ ಬಾಳುತ್ತಾ ಪ್ರೀತಿ ಹುಡುಕುವ ‘ಟೆರೇಸ್ ಹೌಸ್’ನಲ್ಲಿದ್ದರು. ಒಗೆಯಲು ಹಾಕಿದ್ದ ಉಡುಪು ಹಾಳಾಗಿದ್ದಕ್ಕೆ ಜೊತೆಯವನ ಮೇಲೆ ರೇಗಿದ ಒಂದು ಕಂತು ಪ್ರಸಾರವಾಯಿತು. ಆಮೇಲೆ ಸುರಿದ ದ್ವೇಷದ ಸಂದೇಶಗಳ ನಡುವೆ 2020ರ ಮೇ ತಿಂಗಳಲ್ಲಿ ಅವರು ಪ್ರಾಣ ಕಳೆದುಕೊಂಡರು. ಅವರ ತಾಯಿ ಸುಮ್ಮನೆ ಕೂರಲಿಲ್ಲ. ಆ ಹೋರಾಟದ ಫಲವಾಗಿ 2022ರಲ್ಲಿ ಜಪಾನ್, ಸಾರ್ವಜನಿಕ ನಿಂದನೆಗೆ ಒಂದು ವರ್ಷದವರೆಗೆ ಜೈಲು ವಿಧಿಸುವಂತೆ ಕಾನೂನು ಬಿಗಿಗೊಳಿಸಿತು. ಬ್ರಿಟನ್ನಿನ ಪ್ರಸಾರ ನಿಯಂತ್ರಕ ಸಂಸ್ಥೆ ಆಫ್‌ಕಾಮ್ ಕೂಡ 2021ರಿಂದ, ಭಾಗವಹಿಸುವವರ ಮನಸ್ಸಿಗೆ ಆಗಬಹುದಾದ ಹಾನಿಯನ್ನು ಚಾನೆಲ್‌ಗಳು ಮೊದಲೇ ಅಳೆದು ಕಾಳಜಿ ವಹಿಸಬೇಕೆಂದು ನಿಯಮ ಮಾಡಿದೆ. ಅಂದರೆ ಇದು ಮಾಡಲಾಗದ ಕೆಲಸವೇನಲ್ಲ. ಕೇಳುವವರಿರಬೇಕು ಅಷ್ಟೆ.

ಅಮೆರಿಕದಲ್ಲಿರುವ ಕನ್ನಡದ ಅಕ್ಕತಂಗಿಯರೇ, ಈ ಮಾತು ಮುಖ್ಯವಾಗಿ ನಿಮಗೆ. 2015ರ ಮೇವರೆಗೆ ಎಚ್-4 ವೀಸಾದಲ್ಲಿ ಹೋದ ಹೆಂಡತಿಗೆ ಅಲ್ಲಿ ದುಡಿಯುವ ಹಕ್ಕೇ ಇರಲಿಲ್ಲ. ಎಂಜಿನಿಯರಿಂಗ್ ಓದಿ, ಬೆಂಗಳೂರಿನಲ್ಲಿ ಸಂಬಳ ಎಣಿಸಿದ್ದವರು ಅಲ್ಲಿ ತರಕಾರಿಗೂ ಗಂಡನ ಕಾರ್ಡ್ ಕೇಳಬೇಕಾಯಿತು. ಒಳ್ಳೆಯ ಗಂಡ ಸಿಕ್ಕವರಿಗೂ ಆ ಕೇಳುವಿಕೆ ಚುಚ್ಚಿತು. ಕೆಟ್ಟವನು ಸಿಕ್ಕವರ ಪಾಡನ್ನು ನಿಮ್ಮಲ್ಲಿ ಹಲವರು ಪಕ್ಕದ ಅಪಾರ್ಟ್‌ಮೆಂಟಿನಲ್ಲೇ ಕಂಡಿರುತ್ತೀರಿ. ಟಿವಿಯಲ್ಲಿ ಕಾಣುವ ಆ ಕೊಲಂಬಿಯಾದವಳು, ಆ ನೈಜೀರಿಯಾದವನು ನಿಮಗೆ ಪರಕೀಯರಲ್ಲ. ಅಲ್ಲಿನ ಸಹೋದ್ಯೋಗಿಗಳು ಆ ಕಂತಿನ ಬಗ್ಗೆ ನಗುತ್ತಾ ಮಾತು ತೆಗೆದರೆ, ಆ ಕೆ-1 ವೀಸಾ ಹೇಗೆ ಕೆಲಸ ಮಾಡುತ್ತದೆಂದು ಅವರಿಗೆ ಹೇಳಿ. ಅವರಲ್ಲಿ ಅನೇಕರಿಗೆ ಗೊತ್ತೇ ಇರುವುದಿಲ್ಲ. ನಿಮಗೆ ಗೊತ್ತಿದೆ.

ಇಲ್ಲಿರುವವರು ಫ್ಯಾಮಿಲಿ ಗ್ರೂಪಿಗೆ ಆ ತುಣುಕು ಬಂದರೆ ಮುಂದಕ್ಕೆ ಕಳಿಸಬೇಡಿ, ಕಳಿಸಿದವರಿಗೆ ಏಕೆ ಬೇಡವೆಂದು ಹೇಳಿ. ಪರದೇಶದಲ್ಲಿ ಪ್ರೀತಿ ಹುಡುಕುವವರ ಕಥೆಗಳೇ ಬೇಡವೆಂದು ನಾನು ಹೇಳುತ್ತಿಲ್ಲ. ಆ ಕಾರ್ಯಕ್ರಮದಲ್ಲೇ ಜೋಡಿಯಾಗಿ, ಮಕ್ಕಳಾಗಿ, ನೆಮ್ಮದಿಯಿಂದ ಬಾಳುತ್ತಿರುವವರಿದ್ದಾರೆ. ಗಡಿ ದಾಟಿ ಬಂದ ಪ್ರೀತಿಯನ್ನು ಗೌರವದಿಂದ ತೋರಿಸಲು ಸಾಧ್ಯವಿದೆ, ತೋರಿಸಲಿ. ನಮ್ಮ ಚಾನೆಲ್‌ಗಳೂ ಹೊರಗಿನ ಮಾದರಿಗಳನ್ನು ತಂದು ಕನ್ನಡದಲ್ಲಿ ಮಾಡಿ ಬಲ್ಲವು; ವಿದೇಶದ ವರ, ಊರಿನ ವಧು ಎಂಬ ಕಾರ್ಯಕ್ರಮವೊಂದು ನಾಳೆ ನಮ್ಮಲ್ಲೂ ಬರಬಹುದು. ಅದರ ಮೊದಲ ಪ್ರೊಮೊ ಕಂಡ ದಿನವೇ ಚಾನೆಲ್‌ಗೆ ಬರೆಯಿರಿ. ಕರಾರಿಗೆ ಸಹಿ ಹಾಕುವ ಮೊದಲು ಹುಡುಗಿಗೆ ಅವಳದೇ ವಕೀಲರು ಇದ್ದರೇ, ಅವಳ ಭಾಷೆಯಲ್ಲಿ ಅದನ್ನು ಓದಿ ಹೇಳಿದರೇ ಎಂದು ಕೇಳಿ. ಅವಳ ದುಡಿಮೆಗೆ ಎಷ್ಟು ಕೊಡುತ್ತೀರಿ, ಯಾರ ಖಾತೆಗೆ ಹಾಕುತ್ತೀರಿ? ನಡುವೆ ಬೇಡವೆನಿಸಿದರೆ ದಂಡವಿಲ್ಲದೆ ಹೊರಬರಬಹುದೇ? ಪಾಸ್‌ಪೋರ್ಟ್ ಮತ್ತು ವಾಪಸ್ ಟಿಕೆಟ್ ಯಾರ ಬಳಿ ಇರುತ್ತವೆ? ಪ್ರಸಾರ ಮುಗಿದ ಆರು ತಿಂಗಳ ಮೇಲೆ ಅವಳು ನಿದ್ದೆ ಬಾರದೆ ಕರೆ ಮಾಡಿದರೆ ಫೋನ್ ಎತ್ತುವವರು ಯಾರು? ಜಾಹೀರಾತು ಕೊಡುವ ಕಂಪನಿಗಳಿಗೂ ಇದೇ ಪತ್ರದ ಪ್ರತಿ ಹೋಗಲಿ. ಹೆಸರು ಹಾಕಿ, ಊರು ಹಾಕಿ ಬರೆಯಿರಿ. ಉತ್ತರ ಬರುವವರೆಗೆ ಆ ಚಾನೆಲ್ ಹಾಕಬೇಡಿ.